ಬೋಲ್ಟಿನ ಎರಡು ಸುತ್ತು

"ನೀವು ಕಾಲನ್ನ ಬ್ರೇಕ್ ಮೇಲೇ ಇಟ್ಕೊಂಡು ಓಡಿಸ್ತೀರಿ, ಅಷ್ಟೇ."

ಒಂದೇ ತಿಂಗಳಲ್ಲಿ ಈ ಮಾತನ್ನು ಮೂರು ಗಂಡಸರ ಬಾಯಲ್ಲಿ ಕೇಳಿದೆ. ಮೂವರಲ್ಲಿ ಒಬ್ಬನಾದರೂ ನನ್ನ ಮೋಟಾರ್‌ಸೈಕಲ್ಲಿನ ಹಿಂದಿನ ಚಕ್ರದ ಹತ್ತಿರ ಕೈ ಒಯ್ದು ನೋಡಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ.

ನನ್ನ ಕೆಲಸ ರಕ್ತ ಸಾಗಿಸುವುದು. ಊರಾಚೆಯ ಒಂಬತ್ತು ಕ್ಲಿನಿಕ್ಕುಗಳಲ್ಲಿ ಬೆಳಿಗ್ಗೆ ತೆಗೆದಿಟ್ಟ ರಕ್ತದ ಸೀಸೆಗಳನ್ನು ಮಂಜುಗಡ್ಡೆಯ ಪೆಟ್ಟಿಗೆಗೆ ಹಾಕಿಕೊಂಡು ಹನ್ನೊಂದರೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ನಾವು ಓಡಿಸುವವರು ಹನ್ನೆರಡು ಜನ. ಹನ್ನೊಂದು ಗಂಡಸರು, ನಾನೊಬ್ಬಳು. ಎಲ್ಲಕ್ಕಿಂತ ಉದ್ದದ ದಾರಿ ನನ್ನದು, ನಲವತ್ತೆರಡು ಕಿಲೋಮೀಟರು. ಎಲ್ಲರೂ ಬೇಡ ಅಂದ ದಾರಿಯನ್ನು ನಾನು ಕೇಳಿ ತೆಗೆದುಕೊಂಡೆ. ಮನೆಯಲ್ಲಿ ಎರಡು ಕೋಣೆಗೆ ಐದು ಜನ. "ನನ್ನ ಕನ್ನಡಕ ಎಲ್ಲಿ, ನನ್ನ ಕಾಲುಚೀಲ ಎಲ್ಲಿ" ಅನ್ನುವ ಕೂಗಿಲ್ಲದೆ ನಾನು ಉಸಿರಾಡುವುದು ಆ ರಸ್ತೆಯ ಮೇಲೆ ಮಾತ್ರ.

ಎರಡು ತಿಂಗಳ ಹಿಂದೆ ಹಳೆಯ ಗಾಡಿಗಳನ್ನು ತೆಗೆದು ಹೊಸವು ಕೊಟ್ಟರು. ಹಳೆಯವಕ್ಕೆ ಹಿಂದೆ ಡ್ರಮ್ ಬ್ರೇಕ್ ಇತ್ತು, ಕಡ್ಡಿಯಿಂದ ಎಳೆಯುವಂಥದ್ದು. ಹೊಸವಕ್ಕೆ ಡಿಸ್ಕ್, ಎಣ್ಣೆಯ ಒತ್ತಡದಿಂದ ಹಿಡಿಯುವಂಥದ್ದು. ಮೊದಲ ವಾರದಲ್ಲೇ ಅನುಮಾನ ಬಂತು. ಹತ್ತು ಕಿಲೋಮೀಟರು ಓಡುವಷ್ಟರಲ್ಲಿ ಗಾಡಿಯ ಸೆರಗನ್ನು ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಆಗುತ್ತಿತ್ತು. ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಇಳಿದು ನೋಡಿದರೆ ಸುಟ್ಟ ವಾಸನೆ, ಡಿಸ್ಕಿನ ಬಣ್ಣ ನೀಲಿಗೆ ತಿರುಗಿತ್ತು.

ಷೆಡ್ಡಿನ ಮೇಸ್ತ್ರಿಗೆ ಹೇಳಿದೆ. ಅವರು ಗಾಡಿಯನ್ನು ನಿಲ್ಲಿಸಿಕೊಂಡರು, ಮಾರನೆಯ ಬೆಳಿಗ್ಗೆ ಬಂದು ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರು. ಚಕ್ರ ಬುಗುರಿಯಂತೆ ತಿರುಗಿತು. "ಏನಾಗಿದೆಯಮ್ಮ ಇದಕ್ಕೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾಲು ಬ್ರೇಕ್ ಮೇಲಿಂದ ತೆಗೀರಿ," ಅಂದರು. ಮತ್ತೆ ಹೋದೆ, ಮತ್ತೆ ಅದೇ. ಪ್ರತಿ ಸಲವೂ ಅವರು ನೋಡಿದ್ದು ರಾತ್ರಿಯಿಡೀ ತಣ್ಣಗಾದ ಚಕ್ರವನ್ನು.

ಹೋದ ಸೋಮವಾರ, ಏಳನೆಯ ಕ್ಲಿನಿಕ್ಕು ದಾಟಿದ ಮೇಲೆ ಒಂದು ತಿರುವಿನಲ್ಲಿ ನಿಧಾನ ಮಾಡಿದಾಗ ಹಿಂದಿನ ಚಕ್ರ ಪೂರ್ತಿ ಹಿಡಿದುಕೊಂಡಿತು. ಗಾಡಿ ಅಡ್ಡ ಬಿತ್ತು. ನನಗೆ ಮೊಣಕೈ ತರಚಿತು, ಅದು ದೊಡ್ಡದಲ್ಲ. ಪೆಟ್ಟಿಗೆ ಬಾಯಿಬಿಟ್ಟು ಸೀಸೆಗಳು ರಸ್ತೆಗೆ ಚೆಲ್ಲಿದವು. ಹದಿನೇಳು ಜನ ಮತ್ತೆ ತೋಳು ಚಾಚಬೇಕಾಯಿತು. ಅದರಲ್ಲೊಂದು ಎಂಟು ತಿಂಗಳ ಮಗು. ಆ ಮಗುವಿನ ತಾಯಿಗೆ ಸುದ್ದಿ ಹೇಳಲು ಏಳನೆಯ ಕ್ಲಿನಿಕ್ಕಿಗೆ ನಾನೇ ಹೋದೆ. ಅವಳು ಬೈಯಲಿಲ್ಲ. ಮಗುವಿನ ತೋಳಿನ ಹಳೆಯ ಸೂಜಿಗುರುತನ್ನು ನನಗೆ ತೋರಿಸಿದಳು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಮಂಗಳವಾರ ಮೇಲ್ವಿಚಾರಕರು ಹನ್ನೆರಡೂ ಜನರನ್ನು ಸಾಲಾಗಿ ನಿಲ್ಲಿಸಿ ಕೇಳಿದರು. "ಹೊಸ ಗಾಡಿಯಲ್ಲಿ ಇನ್ನು ಯಾರದಾದರೂ ಹಿಂದಿನ ಬ್ರೇಕ್ ಸುಡ್ತಿದೆಯಾ?"

"ಇಲ್ಲ ಸಾರ್." ಹನ್ನೊಂದು ತಲೆಗಳು ಒಟ್ಟಿಗೆ ಅಲ್ಲಾಡಿದವು.

"ನೋಡಿದ್ರಾ?" ಅಂದರು ನನ್ನ ಕಡೆ ತಿರುಗಿ. "ಹನ್ನೊಂದು ಗಾಡಿ ಸರಿ ಇದೆ. ಒಂದೇ ಗಾಡಿ ಸುಡುತ್ತೆ ಅಂದ್ರೆ ದೋಷ ಗಾಡಿದಾ, ಕಾಲಿಂದಾ?"

ಆಗ ನಮ್ಮಲ್ಲಿ ಹಿರಿಯ, ರೇಡಿಯೋ ಅಂತ ಎಲ್ಲರೂ ಕರೆಯುವವನು, ಮೆತ್ತಗೆ ಅಂದ. "ಅಕ್ಕ ಭಯಕ್ಕೆ ಕಾಲು ಅಲ್ಲೇ ಇಟ್ಕೊಂಡಿರ್ತಾರೆ ಸಾರ್. ಹೆಂಗಸರು ನೋಡಿ."

ರಿಜಿಸ್ಟರಿನಲ್ಲಿ "ಚಾಲನಾ ದೋಷ" ಅಂತ ಬರೆದರು. ಶುಕ್ರವಾರ ಹತ್ತಕ್ಕೆ ವಿಚಾರಣೆ. ಅಲ್ಲಿ ದೋಷ ಖಾಯಂ ಆದರೆ ನನ್ನನ್ನು ಗಾಡಿಯಿಂದ ಇಳಿಸಿ ಒಳಗೆ ಸೀಸೆಗೆ ಚೀಟಿ ಅಂಟಿಸುವ ಮೇಜಿಗೆ ಕೂರಿಸುತ್ತಾರೆ. ಅಲ್ಲಿಯವರೆಗೆ? "ಅಲ್ಲಿಯವರೆಗೆ ನೀವೇ ಓಡಿಸಿ, ಹುಷಾರಾಗಿ." ನಾನು ಓಡಿಸಲು ಲಾಯಕ್ಕಿಲ್ಲದವಳು, ಆದರೆ ಆ ದಾರಿಗೆ ಹೋಗಲು ಬೇರೆ ಯಾರಿಗೂ ಮನಸ್ಸಿಲ್ಲ. ಆದ್ದರಿಂದ ಶುಕ್ರವಾರದವರೆಗೆ ಲಾಯಕ್ಕು.

ಮನೆಯಲ್ಲಿ ಅತ್ತೆ ಮೊಣಕೈಗೆ ಮುಲಾಮು ಹಚ್ಚುತ್ತಾ ಕೇಳಿದರು. "ಮೇಜಿನ ಕೆಲಸ ಆದ್ರೆ ಒಳ್ಳೇದೇ ಅಲ್ವೇನೆ? ನೆರಳಲ್ಲಿ ಇರ್ತೀಯ."

"ತಪ್ಪು ಮಾಡಿದವಳು ಅನ್ನಿಸಿಕೊಂಡು ನೆರಳಲ್ಲಿ ಕೂರೋದಾ ಅತ್ತೆ?"

ಅವರು ಸ್ವಲ್ಪ ಹೊತ್ತು ಮುಲಾಮು ತಿಕ್ಕಿದರು. "ತಪ್ಪು ನಿಂದೇನಾ?"

"ಅಲ್ಲ."

"ಹಂಗಾದ್ರೆ ನಿನ್ನ ಚಿಕ್ಕಪ್ಪನ ಹತ್ರ ಹೋಗು. ಇಲ್ಲಿ ಕೂತು ನನ್ನ ಮೇಲೆ ಯಾಕೆ ರೇಗ್ತೀಯ?"

ಚಿಕ್ಕಪ್ಪ ನಲವತ್ತು ವರ್ಷ ಮೋಟಾರ್‌ಸೈಕಲ್ ರಿಪೇರಿ ಮಾಡಿದವರು. ಈಗ ಮೊಣಕಾಲು ಮಡಿಸಲು ಆಗುವುದಿಲ್ಲ. ಅಂಗಡಿ ಮುಚ್ಚಿ ಮನೆಯ ಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬುಧವಾರ ಮಧ್ಯಾಹ್ನ, ಲ್ಯಾಬಿಗೆ ಪೆಟ್ಟಿಗೆ ಇಳಿಸಿದವಳೇ ಅಲ್ಲಿಗೆ ಹೋದೆ. ಇಡೀ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ಕೇಳಿದ್ದು ಒಂದೇ ಮಾತು. "ಕಾಲು ಇಟ್ಕೊಂಡಿದ್ಯಾ?"

"ಚಿಕ್ಕಪ್ಪ, ನೀವೂನಾ?"

"ಕೋಪ ಮಾಡ್ಕೋಬೇಡ ಪುಟ್ಟಿ. ಮೊದಲು ನಿನ್ನ ಕಾಲನ್ನ ಲೆಕ್ಕದಿಂದ ತೆಗೆದುಹಾಕೋಣ. ಆಮೇಲೆ ಯಾರೂ ಅದರ ಹೆಸರು ಎತ್ತಬಾರದು. ಅವರು ನಿನ್ನ ಕಾಲಿನ ಮೇಲೆ ಅನುಮಾನಪಟ್ಟಿದ್ದು ತಪ್ಪಲ್ಲ. ಅನುಮಾನ ಪಟ್ಟು ಅಲ್ಲಿಗೇ ನಿಲ್ಲಿಸಿದ್ರಲ್ಲ, ಅದು ತಪ್ಪು."

ಚಕ್ರ ತಣ್ಣಗಾಗುವವರೆಗೆ ಚಹಾ ಕುಡಿದೆವು. ಆಮೇಲೆ ಅವರು ಹೇಳಿದ ಹಾಗೆ ಬ್ರೇಕನ್ನು ಒಂದೇ ಸಲ ಒತ್ತಿ ಬಿಟ್ಟು, ಬಲಗಾಲನ್ನು ಹಿಂದೆ ಕೂರುವವರ ಫುಟ್‌ರೆಸ್ಟಿನ ಮೇಲೆ ಇಟ್ಟುಕೊಂಡೆ. ಮುಂದಿನ ಬ್ರೇಕಿನಲ್ಲೇ ಸೇತುವೆಯವರೆಗೆ ಹೋಗಿ ಬಂದೆ, ಹದಿನಾಲ್ಕು ಕಿಲೋಮೀಟರು. ಕಾಲು ಹಿಂದಕ್ಕೆ ಮಡಚಿ, ಮುಂದಕ್ಕೆ ಬಾಗಿ, ದೋಣಿಯ ತುದಿಯಲ್ಲಿ ಕೂತ ಕೊಕ್ಕರೆಯಂತೆ ಹೋಗುತ್ತಿದ್ದವಳನ್ನು ದಾರಿಯವರೆಲ್ಲ ನೋಡಿದರು. ನೋಡಲಿ. ಆರನೆಯ ಕಿಲೋಮೀಟರಿಗೇ ಗಾಡಿ ಎಳೆಯತೊಡಗಿತು. ವಾಪಸ್ಸು ಬರುವಷ್ಟರಲ್ಲಿ ಸುಟ್ಟ ವಾಸನೆ ನನಗಿಂತ ಮೊದಲು ಚಿಕ್ಕಪ್ಪನನ್ನು ಮುಟ್ಟಿತ್ತು.

"ತಣ್ಣೀರು ಹನಿಸು."

ಡಿಸ್ಕಿನ ಮೇಲೆ ಒಂದು ಹನಿ ಬಿಟ್ಟೆ. ಕಾದ ಬಾಣಲೆಯ ಮೇಲೆ ಬಿದ್ದಂತೆ ಚುಂಯ್ ಅಂದು ಹಾರಿಹೋಯಿತು.

"ಡಬಲ್ ಸ್ಟ್ಯಾಂಡ್ ಹಾಕು. ಚಕ್ರ ತಿರುಗಿಸು."

ಎರಡೂ ಕೈಯಲ್ಲಿ ಎಳೆದೆ. ಅಲುಗಲಿಲ್ಲ.

"ಇದನ್ನ ನಿಮ್ಮ ಮೇಸ್ತ್ರಿ ಬಿಸಿ ಇದ್ದಾಗ ನೋಡಿದ್ರಾ?"

"ಇಲ್ಲ. ಯಾವಾಗ್ಲೂ ಬೆಳಿಗ್ಗೆ."

"ಜ್ವರ ಇಳಿದ ಮೇಲೆ ಬಂದು, ಮೈ ತಣ್ಣಗಿದೆ, ನಾಟಕ ಮಾಡ್ತಿದ್ದಾಳೆ ಅಂದಂಗಾಯ್ತು." ಕುರ್ಚಿಯ ಕೈ ತಟ್ಟಿದರು. "ಈಗ ಬ್ರೇಕ್ ಹಿಡಿದಿರೋದು ಯಾಕೆ? ಎರಡೇ ಕಾರಣ ಇರಬಹುದು. ಚಕ್ರದ ಹತ್ರ ಹಿಡಿಯೋ ಭಾಗವೇ ತುಕ್ಕು ಹಿಡಿದು ಸಿಕ್ಕಿಹಾಕಿಕೊಂಡಿರಬೇಕು. ಇಲ್ಲ, ಎಣ್ಣೆ ಒಳಗೆ ಒತ್ತಡ ಹಿಡಿದು ಬಿಡದೇ ಇರಬೇಕು. ಅಲ್ಲಿ ಗಾಳಿ ತೆಗೆಯೋ ಸಣ್ಣ ನಿಪ್ಪಲ್ ಇದೆ ನೋಡು. ಅದಕ್ಕೆ ನಳಿಗೆ ಸಿಕ್ಕಿಸಿ, ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಡಿಲ ಮಾಡು. ಮುಖ ದೂರ ಇಟ್ಕೋ."

ಸಡಿಲ ಮಾಡಿದೆ. ಎಣ್ಣೆ ಪಿಚಕ್ಕನೆ ನಳಿಗೆಯಲ್ಲಿ ಹಾರಿತು. ಅದೇ ಗಳಿಗೆಯಲ್ಲಿ ಚಕ್ರ ತಾನಾಗಿಯೇ ಒಂದಿಷ್ಟು ಹಿಂದಕ್ಕೆ ಸರಿದು, ಮುಟ್ಟಿದರೆ ಸುಲಭವಾಗಿ ತಿರುಗಿತು. ನಾನು ಎದ್ದು ನಿಂತುಬಿಟ್ಟೆ. ಒಂದು ತಿಂಗಳು ನನ್ನನ್ನು ನಾನೇ ಅನುಮಾನಿಸಿದ್ದೆ. ಮಲಗಿದಾಗ ಹೊದಿಕೆಯೊಳಗೆ ಬಲಗಾಲು ಏನು ಮಾಡುತ್ತಿದೆ ಅಂತ ನೋಡಿಕೊಂಡಿದ್ದೆ.

"ನಿಪ್ಪಲ್ ಬಿಗಿ ಮಾಡು. ಕುಣಿಯೋದು ಆಮೇಲೆ," ಅಂದರು ಚಿಕ್ಕಪ್ಪ. "ಎಣ್ಣೆ ಹೊರಬಿದ್ದ ಕೂಡಲೇ ಚಕ್ರ ಬಿಡ್ತು ಅಂದ್ರೆ ಹಿಡಿಯೋ ಭಾಗ ಚೆನ್ನಾಗಿದೆ. ಒತ್ತಡ ಸಿಕ್ಕಿಹಾಕಿಕೊಂಡಿದೆ. ಈಗ ಪೆಡಲ್‌ನ ಒಂದು ಬೆರಳಲ್ಲಿ ಒತ್ತು. ಶುರುವಿನಲ್ಲಿ ಸ್ವಲ್ಪ ಸುಮ್ಮನೆ ಅಲ್ಲಾಡುತ್ತಾ?"

"ಇಲ್ಲ. ಮುಟ್ಟಿದ ಕೂಡಲೇ ಗಟ್ಟಿ."

"ಅಲ್ಲೇ ಇದೆ ರೋಗ." ಅವರು ಊರುಗೋಲಿನ ತುದಿಯಿಂದ ತೋರಿಸಿದರು. "ಪೆಡಲ್ ಪೂರ್ತಿ ಮೇಲೆದ್ದಾಗ ಒಳಗೆ ಒಂದು ಸಣ್ಣ ತೂತು ತೆರೆಯುತ್ತೆ. ಎಣ್ಣೆ ಬಿಸಿಯಾಗಿ ಉಬ್ಬಿದ್ರೆ ಆ ತೂತಿನಿಂದ ಮೇಲಿನ ಡಬ್ಬಿಗೆ ವಾಪಸ್ ಹೋಗುತ್ತೆ. ಪೆಡಲ್ ಕೂದಲೆಳೆಯಷ್ಟು ಕೆಳಗೇ ನಿಂತ್ರೂ ತೂತು ಮುಚ್ಚಿರುತ್ತೆ. ಆಗ ಉಬ್ಬಿದ ಎಣ್ಣೆ ಎಲ್ಲಿಗೆ ಹೋಗ್ಬೇಕು? ಬ್ರೇಕನ್ನೇ ತಳ್ಳುತ್ತೆ. ತಳ್ಳಿದಷ್ಟೂ ಬಿಸಿ, ಬಿಸಿಯಾದಷ್ಟೂ ತಳ್ಳುತ್ತೆ. ಪೆಡಲ್ ಎಲ್ಲಿ ನಿಲ್ಲಬೇಕು ಅಂತ ತಡೆಯೋ ಬೋಲ್ಟ್ ಅಲ್ಲಿದೆ. ಅದನ್ನ ಎರಡು ಸುತ್ತು ಹಿಂದಕ್ಕೆ ತಿರುಗಿಸು."

ತಿರುಗಿಸಿದೆ. ಪೆಡಲ್ ಸ್ವಲ್ಪ ಮೇಲೆದ್ದಿತು, ಬೆರಳಿಗೆ ಸುಮ್ಮನೆ ಅಲ್ಲಾಡಿತು. ಮತ್ತೆ ಸೇತುವೆಗೆ ಹೋಗಿ ಬಂದೆ, ಈ ಸಲ ಮಾಮೂಲಿಯಂತೆ ಬ್ರೇಕ್ ಬಳಸಿಕೊಂಡೇ. ಗಾಡಿ ಹರಿಯುವ ನೀರಿನಂತೆ ಓಡಿತು. ನಿಲ್ಲಿಸಿ ಎರಡು ನಿಮಿಷ ಬಿಟ್ಟು ಡಿಸ್ಕ್ ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ.

"ಬೋಲ್ಟನ್ನ ಅಷ್ಟು ಕೆಳಗೆ ಕೂರಿಸಿದ್ದು ಯಾರು?" ಕೇಳಿದರು ಚಿಕ್ಕಪ್ಪ.

ಯಾರು ಅಂತ ನನಗೆ ಗೊತ್ತಿತ್ತು. ಮೇಸ್ತ್ರಿಯ ಬಳಿ ಒಂದು ಮರದ ತುಂಡು ಇದೆ, ಒಂದು ಗೇಣಿಗಿಂತ ಚೂರು ದೊಡ್ಡದು. ಯಾವ ಗಾಡಿ ಬಂದರೂ ನೆಲದ ಮೇಲೆ ಆ ತುಂಡನ್ನು ನಿಲ್ಲಿಸಿ, ಪೆಡಲ್ ಅದರ ತಲೆಯ ಮೇಲೆ ಕೂರುವಂತೆ ಬೋಲ್ಟ್ ತಿರುಗಿಸುತ್ತಾರೆ. ಎಲ್ಲ ಗಾಡಿಯ ಪೆಡಲ್ಲೂ ಒಂದೇ ಎತ್ತರದಲ್ಲಿದ್ದರೆ ಯಾರು ಯಾವುದನ್ನು ಹತ್ತಿದರೂ ಕಾಲು ತಡಕಾಡುವುದಿಲ್ಲ ಅನ್ನುವುದು ಅವರ ಲೆಕ್ಕ. ಹಳೆಯ ಗಾಡಿಗಳಿಗೆ ಅದು ಒಳ್ಳೆಯ ಲೆಕ್ಕವೇ. ಅವುಗಳಲ್ಲಿ ಪೆಡಲ್ ಎಲ್ಲಿದ್ದರೂ ಚಕ್ರದ ಹತ್ತಿರದ ನಟ್ಟಿನಲ್ಲಿ ಬೇಕಾದ ಸಡಿಲ ಕೊಡಬಹುದಿತ್ತು. ಹೊಸ ಗಾಡಿ ಬಂತು, ಬ್ರೇಕ್ ಬದಲಾಯಿತು, ಮರದ ತುಂಡು ಬದಲಾಗಲಿಲ್ಲ. ಮೇಸ್ತ್ರಿ ಕೆಟ್ಟವರಲ್ಲ. ಅವರು ಆ ತುಂಡನ್ನು ನಂಬಿದಷ್ಟು ನನ್ನನ್ನು ನಂಬಲಿಲ್ಲ, ಅಷ್ಟೇ ನನ್ನ ದೂರು.

ಚಿಕ್ಕಪ್ಪ ಎಲ್ಲ ಕೇಳಿ ತಲೆ ಕೆರೆದುಕೊಂಡರು. "ಸರಿ. ಎಲ್ಲಾ ಗಾಡಿಗೂ ಅದೇ ತುಂಡು ತಾನೆ? ಹಾಗಾದ್ರೆ ಉಳಿದ ಹನ್ನೊಂದು ಯಾಕೆ ಸುಡ್ತಿಲ್ಲ?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ವಾಪಸ್ಸು ಹೋದೆ. ಲ್ಯಾಬಿನ ಗೇಟಿನ ಬಳಿ ನಿಂತು, ಚಿಕ್ಕಪ್ಪ ಹೇಳಿದ ಹಾಗೆ, ಬೋಲ್ಟನ್ನು ಎರಡು ಸುತ್ತು ಮತ್ತೆ ಒಳಕ್ಕೆ ತಿರುಗಿಸಿ ಇದ್ದ ಹಾಗೇ ಮಾಡಿದೆ. ರೋಗ ವಾಸಿಯಾದ ಗಾಡಿಯನ್ನು ತೋರಿಸಿದರೆ ಮತ್ತೆ ಅದೇ ಹಾಡು ಹಾಡುತ್ತಾರೆ.

ಅಂಗಳದಲ್ಲಿ ಹನ್ನೊಂದು ಗಾಡಿಗಳೂ ನಿಂತಿದ್ದವು. ಒಂದೊಂದರ ಪೆಡಲ್ಲನ್ನೂ ಬೆರಳಿನಿಂದ ಒತ್ತುತ್ತಾ ಹೋದೆ. ಮೊದಲನೆಯದು ಸುಮ್ಮನೆ ಅಲ್ಲಾಡಿತು. ಎರಡನೆಯದೂ. ಮೂರನೆಯದೂ. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

ರೇಡಿಯೋ ಹೆಲ್ಮೆಟ್ ಒರೆಸುತ್ತಾ ಕೂತಿದ್ದ. ಊರಿನಲ್ಲಿ ಯಾರ ಮನೆಯ ಬೆಕ್ಕು ಮರಿ ಹಾಕಿದರೂ ಎಲ್ಲರಿಗೂ ಬಿತ್ತರಿಸುವವನು. ಅವನ ಎದುರು ನಿಂತೆ.

"ನಿಮ್ಮ ಪೆಡಲ್ ಬೋಲ್ಟು ಎಷ್ಟು ಸುತ್ತು ಹಿಂದಕ್ಕೆ ಹೋಗಿದೆ?"

"ಯಾವ ಬೋಲ್ಟಕ್ಕ?"

"ಎರಡು ಸುತ್ತಾ, ಎರಡೂವರೆಯಾ?"

ಹೆಲ್ಮೆಟ್ ಒರೆಸುವ ಕೈ ನಿಂತಿತು. "ಎರಡು," ಅಂದ, ನೆಲ ನೋಡುತ್ತಾ.

ಹೊಸ ಗಾಡಿ ಬಂದ ಮೂರನೆಯ ದಿನವೇ ಅವನದು ಸುಟ್ಟಿತಂತೆ. ಹೊರಗೆ ಯಾರೋ ಮೆಕ್ಯಾನಿಕ್ಕಿಗೆ ತೋರಿಸಿದನಂತೆ. ಆ ಸಂಜೆ ಗೇಟಿನಾಚೆಯ ಚಹಾದ ಗೂಡಂಗಡಿಯ ಹಿಂದೆ, ಇವರೆಲ್ಲ ಸಿಗರೇಟು ಸೇದುವ ಜಾಗದಲ್ಲಿ, ಎಲ್ಲರಿಗೂ ಹೇಳಿದನಂತೆ. ಹೋದ ತಿಂಗಳು ಕೆಲಸಕ್ಕೆ ಸೇರಿದವನಿಗೂ ಸೇರಿದ ದಿನವೇ ಹೇಳಿದ್ದರು. ಗಾಡಿಯ ಒಂದು ಸ್ಕ್ರೂ ಮುಟ್ಟಿದರೂ ಕೆಲಸ ಹೋಗುತ್ತದೆ ಅಂತ ಗೋಡೆಯ ಮೇಲೆ ಬರೆದಿದೆಯಲ್ಲ, ಆದ್ದರಿಂದ ಗುಟ್ಟಾಗಿ.

"ನನಗ್ಯಾಕೆ ಹೇಳಲಿಲ್ಲ?"

"ನೀವು ಅಲ್ಲಿಗೆ ಬರೋದಿಲ್ವಲ್ಲ ಅಕ್ಕ."

"ದಿನಾ ಬೆಳಿಗ್ಗೆ ನನ್ನ ಪಕ್ಕದಲ್ಲೇ ಗಾಡಿ ನಿಲ್ಲಿಸ್ತೀರಿ. ನನ್ನ ಮಗಳ ಹಲ್ಲುನೋವಿಗೆ ಏನು ಮಾಡಬೇಕು ಅಂತ ಕೇಳದೇ ಹೇಳ್ತೀರಿ. ಇದಕ್ಕೆ ಬಾಯಿಲ್ಲದೇ ಹೋಯ್ತಾ?"

ಅವನು ಕತ್ತು ಉಜ್ಜಿಕೊಂಡ. "ಹೇಳಿದ್ರೆ ನೀವು ಮೇಲೆ ಹೋಗಿ ಹೇಳಿಬಿಡ್ತೀರೇನೋ ಅಂತ... ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅಂತ ಯಾರೋ ಅಂದ್ರು."

ಇದನ್ನು ಅಂದವನ ಹೆಸರು ರೇಡಿಯೋ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಹೋಗಲಿ, ಅದು ಮೊದಲಿನ ಮಾತು. ಮಂಗಳವಾರ ನಾನು ಕಟ್ಟು ಹಾಕಿಕೊಂಡು ನಿಂತಿದ್ದೆನಲ್ಲ, ಆಗ? ಕಾರಣ ಗೊತ್ತಿದ್ದೂ 'ಅಕ್ಕನ ಕಾಲು ಸಾರ್' ಅಂದ್ರಲ್ಲ, ಆಗ?"

"ಬಾಯಿ ತಪ್ಪಿ ಬಂತು ಅಕ್ಕ."

"ಹನ್ನೊಂದು ಬಾಯಿ ತಪ್ಪಿತಾ? ಆ ಮಗುವಿನ ತೋಳಿಗೆ ಎರಡನೇ ಸಲ ಸೂಜಿ ಚುಚ್ಚಿದ್ದು ನನ್ನ ಕಾಲಲ್ಲ, ನಿಮ್ಮ ಗುಟ್ಟು. ಶುಕ್ರವಾರ ಹತ್ತಕ್ಕೆ ವಿಚಾರಣೆ. ಹತ್ತರವರೆಗೆ ನಾನು ಸುಮ್ಮನಿರ್ತೀನಿ. ಅಷ್ಟರೊಳಗೆ ನೀವೇ ಹೇಳಿ. ಎಲ್ಲರಿಗೂ ತಿಳಿಸಿಬಿಡಿ, ನಿಮಗೆ ಅದೇನು ಕಷ್ಟ ಅಲ್ಲ."

ಗುರುವಾರ ಇಡೀ ದಿನ ಗಾಡಿಯನ್ನು ಪ್ರತಿ ಕ್ಲಿನಿಕ್ಕಿನಲ್ಲೂ ತಣಿಸಿಕೊಂಡು, ತಡವಾಗಿ ಓಡಿಸಿದೆ. ಯಾರೂ ಮೇಲ್ವಿಚಾರಕರ ಕೋಣೆಗೆ ಹೋಗಲಿಲ್ಲ. ಇಬ್ಬರು ಮಾತ್ರ ನನ್ನ ಹತ್ತಿರ ಬಂದು, "ನಮಗೂ ಹೆಂಡತಿ ಮಕ್ಕಳಿದ್ದಾರೆ ಅಕ್ಕ," ಅಂದರು. ನನಗೆ ಮಕ್ಕಳಿಲ್ಲವೇನೋ ಅನ್ನುವ ಹಾಗೆ.

ಶುಕ್ರವಾರ ಬೆಳಗಿನ ಸುತ್ತು ಮುಗಿಸಿ ಎಲ್ಲರೂ ಬೇಗ ಬಂದಿದ್ದರು. ಹತ್ತಕ್ಕೆ ಮೇಲ್ವಿಚಾರಕರು ರಿಜಿಸ್ಟರ್ ಹಿಡಿದು ಅಂಗಳಕ್ಕೆ ಇಳಿದರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಬಂದರು. ನಾನು ಹನ್ನೊಂದು ಮುಖಗಳನ್ನೂ ಒಂದೊಂದಾಗಿ ನೋಡಿದೆ. ಒಬ್ಬ ಮೋಡ ನೋಡಿದ, ಒಬ್ಬ ಚಪ್ಪಲಿ ನೋಡಿದ.

"ಏನಾದ್ರೂ ಹೇಳೋದಿದೆಯಾ?" ಕೇಳಿದರು ಮೇಲ್ವಿಚಾರಕರು.

"ನಾನು ಹೇಳೋದಿಲ್ಲ ಸಾರ್. ಮೇಸ್ತ್ರಿಗಳು ಅಳತೆ ಮಾಡಲಿ. ಅವರ ಮರದ ತುಂಡಿನಿಂದ, ಎಲ್ಲಾ ಹನ್ನೆರಡು ಗಾಡಿಯ ಪೆಡಲ್."

ಮೇಸ್ತ್ರಿಗೆ ಅದು ಖುಷಿಯ ಕೆಲಸ. ಮೊದಲು ನನ್ನ ಗಾಡಿ. ತುಂಡು ನಿಲ್ಲಿಸಿದರು, ಪೆಡಲ್ ಅದರ ಮೇಲೆ ಸರಿಯಾಗಿ ಕೂತಿತು. ನಡುವೆ ಕಾಗದ ತೂರಿಸಲೂ ಜಾಗವಿರಲಿಲ್ಲ. "ನೋಡಿ ಸಾರ್, ಅಳತೆ ಅಂದ್ರೆ ಅಳತೆ," ಅಂದರು. ಆಮೇಲೆ ಪಕ್ಕದ ಗಾಡಿ, ರೇಡಿಯೋದು. ಪೆಡಲ್ಲಿಗೂ ತುಂಡಿಗೂ ನಡುವೆ ಪೆನ್ಸಿಲ್ ತೂರುವಷ್ಟು ಸಂದು. ಮೇಸ್ತ್ರಿ ಹುಬ್ಬು ಗಂಟಿಕ್ಕಿದರು. ಮುಂದಿನದಕ್ಕೂ ಸಂದು. ಅದರ ಮುಂದಿನದಕ್ಕೂ. ಅವರ ಮುಖ ಕೆಂಪೇರಿತು.

"ಯಾರ್ರೀ ಇದನ್ನ ಮುಟ್ಟಿದ್ದು? ನಾನು ಕೂರಿಸಿದ ಅಳತೆ ಇದಲ್ಲ. ಎಲ್ಲಾ ಗಾಡಿಯೂ ಕೆಟ್ಟಿದೆ. ಈಯಮ್ಮಂದು ಒಂದೇ ಸರಿ ಇರೋದು."

"ಅದು ಒಂದೇ ಸುಡೋದೂ," ಅಂದೆ.

ಮೇಲ್ವಿಚಾರಕರು ದಡ್ಡರಲ್ಲ. ಅವರು ಬರೆಯುವುದನ್ನು ನಿಲ್ಲಿಸಿದರು. ಸಾಲಿನ ಕಡೆ ಒಮ್ಮೆ, ನನ್ನ ಗಾಡಿಯ ಕಡೆ ಒಮ್ಮೆ ನೋಡಿದರು.

"ಸಾರ್, ಇನ್ನೊಂದು ಕೆಲಸ," ಅಂದೆ. "ನನ್ನ ಕಾಲಿನ ಮೇಲೆ ತಾನೆ ಅನುಮಾನ? ನನ್ನ ಕಾಲು ಬೇಡ. ಇಲ್ಲಿ ಎಲ್ಲರಿಗಿಂತ ಹಳಬರು, ಭಯ ಇಲ್ಲದವರು ಇವರು." ರೇಡಿಯೋನ ಕೈಗೆ ನನ್ನ ಬೀಗದ ಕೈ ಕೊಟ್ಟೆ. "ಇವರೇ ನನ್ನ ಗಾಡಿ ತಗೊಂಡು ಮೂರನೇ ಕ್ಲಿನಿಕ್ಕಿಗೆ ಹೋಗಿ ಬರಲಿ. ಅಲ್ಲಿಗೆ ಹೋಗೋ ದಾರಿಯಲ್ಲಿ ಒಂದು ದೊಡ್ಡ ಇಳಿಜಾರು ಇದೆ."

ರೇಡಿಯೋ ಕೈಯಲ್ಲಿದ್ದ ಬೀಗದ ಕೈಯನ್ನು ಚೇಳು ಹಿಡಿದಂತೆ ಹಿಡಿದುಕೊಂಡ. "ಬೇಡ ಸಾರ್."

"ಯಾಕೆ?" ಕೇಳಿದರು ಮೇಲ್ವಿಚಾರಕರು.

"ಇಳಿಜಾರು ಸಾರ್. ಚಕ್ರ ಹಿಡ್ಕೊಳ್ಳುತ್ತೆ."

"ನೀವು ಆ ಗಾಡಿನ ಓಡಿಸೇ ಇಲ್ಲವಲ್ಲ. ಹೇಗೆ ಗೊತ್ತು?"

ರೇಡಿಯೋಗೆ ಮಾತು ಸಿಗದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಲ್ವಿಚಾರಕರು ರಿಜಿಸ್ಟರ್ ಮುಚ್ಚಿದರು. ಹನ್ನೊಂದು ಜನರನ್ನು ಒಂದೇ ದಿನ ತೆಗೆದುಹಾಕಿದರೆ ನಾಳೆ ಊರಿನ ರಕ್ತ ನಡೆದುಕೊಂಡು ಬರುತ್ತದಾ ಅನ್ನುವ ಲೆಕ್ಕ ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಮೇಸ್ತ್ರಿಯನ್ನು ಕರೆದು, ಕಂಪನಿ ಕೊಟ್ಟ ಪುಸ್ತಕದಲ್ಲಿ ಪೆಡಲ್ಲಿನ ಅಳತೆ ಏನಿದೆ ಅಂತ ಕೇಳಿದರು. ಪುಸ್ತಕ ಅದು ಬಂದ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಮೇಸ್ತ್ರಿ ಅದನ್ನು ಹಲ್ಲಿನಿಂದ ಹರಿದು ತೆಗೆದು, ಕನ್ನಡಕ ಹಾಕಿಕೊಂಡು ನಿಂತಲ್ಲೇ ಓದಿದರು. ಎರಡು ಸಲ ಓದಿದರು. ಅವರ ತುಟಿ ಅಲ್ಲಾಡುವುದನ್ನು ನೋಡಿ ಪಾಪ ಅನ್ನಿಸಿತು. ಆ ಪಾಪ ನನ್ನ ಕೋಪವನ್ನೇನೂ ಕಡಿಮೆ ಮಾಡಲಿಲ್ಲ.

"ಮೊದಲು ಸ್ವಲ್ಪ ಸಡಿಲ ಆಡಬೇಕಂತೆ," ಅಂದರು ಕೊನೆಗೆ. ಮರದ ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಗಾಡಿಯ ಮುಂದೆ ಮಂಡಿಯೂರಿ ಕೂತರು.

ಮೇಲ್ವಿಚಾರಕರು ರಿಜಿಸ್ಟರಿನ ಹಾಳೆ ಹಿಡಿದರು. "ಇದನ್ನ ತೆಗೆದು ಹೊಸ ಹಾಳೆ ಬರೆದುಬಿಡ್ತೀನಿ. ನಿಮ್ಮ ಹೆಸರೇ ಬರೋದಿಲ್ಲ."

"ಬೇಡ ಸಾರ್. ಹೆಸರು ಬಂದಾಗಿದೆ. ಅದೇ ಹಾಳೆಯಲ್ಲಿ 'ಚಾಲನಾ ದೋಷ' ಅನ್ನೋದನ್ನ ಹೊಡೆದುಹಾಕಿ, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿ. ಬೀಳಿಸಿದ್ದು ಪೆಡಲ್ಲಿನ ಅಳತೆ ಅಂತ ಬರೀರಿ. ಆ ಒಂಬತ್ತು ಕ್ಲಿನಿಕ್ಕಿಗೂ ಒಂದೊಂದು ಪ್ರತಿ ಕೊಡಿ, ನಾನೇ ಮುಟ್ಟಿಸ್ತೀನಿ. ಏಳನೆಯದರಲ್ಲಿ ಒಬ್ಬ ತಾಯಿಗೆ ಓದಿ ಹೇಳೋದಿದೆ."

ಅವರು ಒಂದಿಷ್ಟು ಹೊತ್ತು ಪೆನ್ನನ್ನು ತಿರುಗಿಸಿದರು. ಆಮೇಲೆ ಬರೆದರು. ನಾನು ಹೆಗಲ ಮೇಲಿಂದ ಬಾಗಿ ಒಂದೊಂದು ಅಕ್ಷರ ನೋಡಿದೆ. ಸಹಿ ಹಾಕಿ ತಲೆಯೆತ್ತಿದರು.

"ಈಗ ನೀವು ಹೇಳಿ. ಉಳಿದ ಹನ್ನೊಂದು ಗಾಡಿಯ ಬೋಲ್ಟು ತಿರುಗಿಸಿದ್ದು ಯಾರು? ಶುರು ಮಾಡಿದ್ದು ಯಾರು?"

ಹನ್ನೊಂದು ಜೊತೆ ಕಣ್ಣುಗಳು ನನ್ನ ಮೇಲೆ ಬಿದ್ದವು. ರೇಡಿಯೋ ನನ್ನ ಬೀಗದ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದ. ನಾನು ಅದನ್ನು ಅವನ ಕೈಯಿಂದ ತೆಗೆದುಕೊಂಡೆ.

"ನನಗೆ ಹೇಗೆ ಗೊತ್ತಾಗಬೇಕು ಸಾರ್? ಇಲ್ಲಿ ನನಗೆ ಯಾರೂ ಏನೂ ಹೇಳೋದಿಲ್ಲ."